ದೊಡ್ಡಾಸ್ಪತ್ರೆಯ ಪಡಸಾಲೆ

ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿನಲ್ಲಿ ಸೇವಂತಿಗೆ, ಕನಕಾಂಬರದ ಮೂಟೆಗಳ ಬಾಯಿ ಬಿಚ್ಚುತ್ತಿದ್ದಂತೆ ಏಳುವ ಹಸಿ ಪರಿಮಳ ರಸ್ತೆ ದಾಟಿ ವಿಕ್ಟೋರಿಯಾ ಆಸ್ಪತ್ರೆಯ ಗೇಟಿನ ತನಕ ಬರುತ್ತದೆ. ಗೇಟಿನೊಳಗಿಂದ ಫಿನಾಯಿಲ್ ವಾಸನೆ ಬಂದು ಅದಕ್ಕೆ ಎದುರಾಗುತ್ತದೆ. ಎರಡೂ ಬೆರೆಯುವ ಆ ಹತ್ತಿಪ್ಪತ್ತು ಮಾರು ಜಾಗದಲ್ಲಿ ಟೀ ಕಾಸುವವನು ಶುಂಠಿ ಜಜ್ಜುತ್ತಿರುತ್ತಾನೆ, ಎಳನೀರಿನವನು ಗಾಡಿಯ ಮೇಲಿನ ಗೋಣಿ ತಾಟು ಸರಿಸಿ ಮಚ್ಚು ಮಸೆಯುತ್ತಿರುತ್ತಾನೆ. ಬ್ರೆಡ್ಡು, ಬನ್ನು, ಪ್ಲಾಸ್ಟಿಕ್ ಚೊಂಬು, ಟೂತ್ ಬ್ರಷ್ಷು, ಕೂಸಿನ ಟೋಪಿ, ಬೆಡ್‌ಶೀಟು ಎಲ್ಲವನ್ನೂ ಒಂದೇ ಹಲಗೆಯ ಮೇಲೆ ಹರಡಿಕೊಂಡ ಹೆಂಗಸು ಮೊದಲ ಬೋಣಿಗೆಗಾಗಿ ಕಾಯುತ್ತಿರುತ್ತಾಳೆ. ರಾತ್ರೋರಾತ್ರಿ ಊರು ಬಿಟ್ಟು ಬಂದವರಿಗೆ ಬೆಳಕು ಹರಿದಾಗ ಏನೇನು ಬೇಕಾಗುತ್ತದೆ ಅನ್ನುವುದು ಅವಳಿಗೆ ಬಾಯಿಪಾಠ.

ಬನ್ನಿ, ಒಳಗೆ ಹೋಗೋಣ. ಚೀಟಿ ಮಾಡಿಸುವ ಕಿಟಕಿ ಇನ್ನೂ ತೆರೆದಿಲ್ಲ, ಸಾಲು ಮಾತ್ರ ಆಗಲೇ ಹುಟ್ಟಿಕೊಂಡಿದೆ. ಸಾಲಿನಲ್ಲಿ ನಿಂತವರು ಕೆಲವರು, ತಮ್ಮ ಬದಲಿಗೆ ಚಪ್ಪಲಿಯನ್ನೋ ಚೀಲವನ್ನೋ ನೀರಿನ ಬಾಟಲಿಯನ್ನೋ ನಿಲ್ಲಿಸಿ ಗೋಡೆಗೊರಗಿ ಕೂತವರು ಹಲವರು. ಕನಕಪುರದ ಕಡೆಯ ಕನ್ನಡ, ಮಾಲೂರಿನ ತೆಲುಗು, ಕಲಾಸಿಪಾಳ್ಯದ ಉರ್ದು, ಹೊಸೂರಿನ ತಮಿಳು ಒಂದರ ಮೇಲೊಂದು ಬಿದ್ದು ಯಾವುದೂ ಪೂರ್ತಿ ಕೇಳಿಸುವುದಿಲ್ಲ. ಕೇಳಿಸುವುದೆಲ್ಲ ಒಂದೇ ಪ್ರಶ್ನೆಯ ಬೇರೆ ಬೇರೆ ರೂಪಗಳು: ಡಾಕ್ಟ್ರು ಎಷ್ಟು ಹೊತ್ತಿಗೆ ಬರ್ತಾರೆ, ಎಕ್ಸ್‌ರೇ ಯಾವ ಕಡೆ, ಆ ಕಾರ್ಡು ಇದ್ದರೆ ಸಾಕಾ, ಅದರ ಜೆರಾಕ್ಸೂ ಬೇಕಾ. ಕೈಯಲ್ಲಿ ಪ್ಲಾಸ್ಟಿಕ್ ಕವರು ಹಿಡಿದ ಮುದುಕರೊಬ್ಬರು ಸೆಕ್ಯೂರಿಟಿಯವನ ಹತ್ತಿರ ಹೋಗಿ, "ಕಣ್ಣಿನಾಸ್ಪತ್ರೆ ಇದೇನಾ ಸ್ವಾಮಿ?" ಅನ್ನುತ್ತಾರೆ. ಅವನು ಬೇಸರವಿಲ್ಲದೆ, "ಅದು ಆ ಕಡೆ ತಾತ, ರಸ್ತೆಗೆ ಹೋಗಿ ಯಾರನ್ನಾದ್ರೂ ಮಿಂಟೋ ಅಂತ ಕೇಳಿ" ಎಂದು ಕೈ ತೋರಿಸುತ್ತಾನೆ. ದಿನಕ್ಕೆ ಎಷ್ಟು ಸಲ ಇದೇ ಮಾತು ಹೇಳುತ್ತಾನೋ.

ಹೊಸ ಬ್ಲಾಕುಗಳು, ಶೀಟು ಹೊದಿಸಿದ ಸಂದುಗಳು, ನಿಂತ ಆಂಬುಲೆನ್ಸುಗಳು ಇವುಗಳ ನಡುವೆ ಹಾದು ಮುಂದೆ ಬಂದರೆ ಹಳೆಯ ಕಲ್ಲಿನ ಕಟ್ಟಡ. ಬೆಂಗಳೂರಿನ ನೆಲದಡಿ ಹಾಸುಗಲ್ಲಿಗೆ ಬರವಿಲ್ಲ. ಅದೇ ಬೂದು ಬಣ್ಣದ ಕಲ್ಲನ್ನು ಉಳಿಯಿಂದ ಒಪ್ಪ ಮಾಡಿ, ಸಾಲಿನ ಮೇಲೆ ಸಾಲು ಕೂರಿಸಿ, ಕಮಾನು ತಿರುಗಿಸಿ ಕಟ್ಟಿದ್ದಾರೆ. ಗೋಡೆಗೆ ಅಂಗೈ ಒತ್ತಿ ನೋಡಿ. ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಜನ ಒರಗಿ ಒರಗಿ ಸೊಂಟದ ಎತ್ತರಕ್ಕೆ ಕಲ್ಲು ನುಣುಪಾಗಿದೆ, ಅಲ್ಲಲ್ಲಿ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ಕಲೆ ಹಿಡಿದಿದೆ. ಕತ್ತೆತ್ತಿದರೆ ಚಾವಣಿ ಎಲ್ಲೋ ದೂರದಲ್ಲಿದೆ.

ಈ ಕಟ್ಟಡದ ಜೀವ ಇರುವುದು ಅದರ ಪಡಸಾಲೆಯಲ್ಲಿ ಅನ್ನುವುದು ನನ್ನ ಗಟ್ಟಿ ನಂಬಿಕೆ. ವಾರ್ಡಿನೊಳಗೆ ಮಲಗಿರುವವರು ಒಬ್ಬರಾದರೆ ಅವರ ಜೊತೆಗೆ ಬಂದವರು ನಾಲ್ವರು. ನಾಲ್ವರಿಗೂ ಒಳಗೆ ಜಾಗವಿಲ್ಲ, ಊರಿಗೆ ವಾಪಸು ಹೋಗಲು ಮನಸ್ಸಿಲ್ಲ. ಹೊರಗಿನ ಲಾಡ್ಜಿನ ಬಾಡಿಗೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಅಂಥವರು ಕಮಾನಿನ ಕೆಳಗೊಂದು ಚಾಪೆ ಬಿಡಿಸಿ ಸಂಸಾರ ಹೂಡುತ್ತಾರೆ. ಮೂಲೆಯಲ್ಲಿ ಟಿಫಿನ್ ಕ್ಯಾರಿಯರು, ಕಿಟಕಿಯ ಸರಳಿಗೆ ಒಣಹಾಕಿದ ಟವೆಲು, ಪ್ಲಗ್ಗು ಸಿಕ್ಕಿದ ಕಡೆ ಸರದಿಯ ಮೇಲೆ ಚಾರ್ಜಿಗೆ ಹಾಕಿದ ಮೊಬೈಲುಗಳು. ಎರಡು ದಿನ ಕಳೆಯುವುದರೊಳಗೆ ಅಕ್ಕಪಕ್ಕದ ಚಾಪೆಯವರು ನೆಂಟರಾಗಿಬಿಡುತ್ತಾರೆ. "ಅಕ್ಕಾ, ನಿಮ್ಮೆಜಮಾನರಿಗೆ ಜ್ವರ ಬಿಡ್ತಾ?" ಎಂದು ವಿಚಾರಿಸುವವಳು ಮೊನ್ನೆಯ ತನಕ ಇವರ ಮುಖ ಕಂಡವಳಲ್ಲ. ಒಬ್ಬರು ಔಷಧಿ ತರಲು ಹೋದಾಗ ಇನ್ನೊಬ್ಬರು ಅವರ ಗಂಟು ಕಾಯುತ್ತಾರೆ. ಮುದ್ದೆ ಬಂದರೆ ಮುದ್ದೆ, ಚಿತ್ರಾನ್ನ ಬಂದರೆ ಚಿತ್ರಾನ್ನ, ಮುರಿದು ಹಂಚಿಕೊಂಡು ತಿನ್ನುತ್ತಾರೆ.

ಇಷ್ಟು ಅಗಲದ ಪಡಸಾಲೆಯನ್ನು ಹಿಂದಿನವರು ಸುಮ್ಮನೆ ಕಟ್ಟಲಿಲ್ಲ. ಅವರು ಕಟ್ಟಿದ್ದು ನೆಂಟರಿಗಾಗಿಯೂ ಅಲ್ಲ, ಗಾಳಿಗಾಗಿ. ಹತ್ತೊಂಬತ್ತನೆಯ ಶತಮಾನದ ವೈದ್ಯರಲ್ಲಿ ಬಹುಮಂದಿ ರೋಗ ಹುಟ್ಟುವುದೇ ಕೆಟ್ಟ ಗಾಳಿಯಿಂದ ಎಂದು ನಂಬಿದ್ದರು. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಆಸ್ಪತ್ರೆಗಳ ಬಗ್ಗೆ ಪುಸ್ತಕ ಬರೆದಾಗ ಒತ್ತಿ ಹೇಳಿದ್ದು ಇದನ್ನೇ: ವಾರ್ಡು ಉದ್ದಕ್ಕಿರಬೇಕು, ಎರಡೂ ಗೋಡೆಗೆ ಎದುರುಬದುರು ಕಿಟಕಿಗಳಿರಬೇಕು, ಈ ಕಡೆಯಿಂದ ಹೊಕ್ಕ ಗಾಳಿ ಮಂಚಗಳ ಮೇಲೆ ಹಾದು ಆ ಕಡೆಯಿಂದ ಹೊರಗೆ ಹೋಗಬೇಕು, ಚಾವಣಿ ಎತ್ತರದಲ್ಲಿರಬೇಕು. ಆಗಿನ ಕಾಲದ ಆಸ್ಪತ್ರೆಗಳೆಲ್ಲ ಹೆಚ್ಚುಕಡಿಮೆ ಈ ಲೆಕ್ಕಾಚಾರದ ಮಕ್ಕಳೇ. ಅವರ ಕಾರಣ ಪೂರ್ತಿ ಸರಿಯಿರಲಿಲ್ಲ, ಕ್ರಿಮಿಗಳ ಕಥೆ ಆಗಷ್ಟೇ ಬಯಲಾಗುತ್ತಿತ್ತು. ಆದರೆ ಅವರು ಕೊಟ್ಟ ಮದ್ದು ಸರಿಯಾಗಿತ್ತು. ಕ್ಷಯ ಹಿಡಿದವರು, ಕೆಮ್ಮುವವರು, ಹುಣ್ಣು ಕೀವಾದವರು ಒಟ್ಟಿಗಿರುವ ಕಡೆ ಗಾಳಿ ಬೆಳಕಿಗಿಂತ ದೊಡ್ಡ ಕಾವಲುಗಾರ ಆಗ ಇರಲಿಲ್ಲ. ಈ ಆಸ್ಪತ್ರೆಯ ಬಾಗಿಲು ತೆರೆದಾಗ ಪೆನ್ಸಿಲಿನ್ ಪತ್ತೆಯಾಗಲು ಇನ್ನೂ ಇಪ್ಪತ್ತೆಂಟು ವರ್ಷಗಳಿದ್ದವು.

ಅದಕ್ಕೂ ಹಿಂದಿನ ಒಂದು ಸಾವಿನ ಕಥೆ ಹೇಳಬೇಕು, ಯಾಕೆಂದರೆ ಈ ಕಲ್ಲುಗಳ ಬುಡದಲ್ಲಿ ಅದೂ ಇದೆ ಎಂದು ನನಗನ್ನಿಸುತ್ತದೆ. 1894ರ ಡಿಸೆಂಬರಿನಲ್ಲಿ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರು ಸಂಸಾರ ಸಮೇತ ಕಲ್ಕತ್ತೆಯಲ್ಲಿದ್ದರು. ಅಲ್ಲಿ ಅವರಿಗೆ ಗಂಟಲುಮಾರಿ, ಅಂದರೆ ಡಿಫ್ತೀರಿಯಾ ಅಂಟಿಕೊಂಡಿತು. ಡಿಸೆಂಬರ್ 28ರಂದು ತೀರಿಕೊಂಡಾಗ ಅವರಿಗಿನ್ನೂ ಮೂವತ್ತೊಂದು ವರ್ಷ. ಅದೇ ವರ್ಷದ ಸೆಪ್ಟೆಂಬರಿನಲ್ಲಷ್ಟೇ ಬುಡಾಪೆಸ್ಟಿನ ಸಮ್ಮೇಳನವೊಂದರಲ್ಲಿ ಪ್ಯಾರಿಸ್ಸಿನ ಎಮಿಲ್ ರೂ ಅವರು ಕುದುರೆಯ ರಕ್ತದಿಂದ ತೆಗೆದ ಸೀರಂ ಕೊಟ್ಟು ಡಿಫ್ತೀರಿಯಾ ಬಂದ ಮಕ್ಕಳನ್ನು ಉಳಿಸಿದ ವಿಷಯ ಹೇಳಿ ಯುರೋಪಿನ ವೈದ್ಯರನ್ನು ಬೆರಗುಗೊಳಿಸಿದ್ದರು. ಮೂರು ತಿಂಗಳ ಅಂತರ, ಆದರೆ ದಾರಿ ಬಲು ದೂರ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಇಪ್ಪತ್ತೆಂಟರ ಆಸುಪಾಸಿನ ವಿಧವೆಯಾಗಿ ಮೈಸೂರಿಗೆ ಮರಳಿದರು. ದೊಡ್ಡ ಮಗ ಕೃಷ್ಣರಾಜನಿಗೆ ಆಗ ಹತ್ತು ವರ್ಷ. ಮಗ ಪ್ರಾಯಕ್ಕೆ ಬರುವ ತನಕ, 1895ರಿಂದ 1902ರವರೆಗೆ, ರೀಜೆಂಟ್ ಆಗಿ ರಾಜ್ಯದ ಹೊಣೆ ಹೊತ್ತವರು ಅವರೇ.

ಪರದೆಯ ಹಿಂದಿನಿಂದ ರಾಜ್ಯ ನಡೆಸಿದ ಆ ತಾಯಿ ತಮ್ಮ ದುಃಖವನ್ನು ಎಲ್ಲೂ ಬಾಯಿಬಿಟ್ಟು ಆಡಿದವರಲ್ಲ ಎಂದು ಕಾಣುತ್ತದೆ. ಆಡಳಿತ ಕೈಗೆ ಬಂದ ಎರಡು ವರ್ಷಗಳ ಮೇಲೆ, 1897ರ ಜೂನ್ 22ರಂದು, ಕೋಟೆಯ ಆಸುಪಾಸಿನ ಈ ನೆಲದಲ್ಲಿ ಆಸ್ಪತ್ರೆಯ ಅಡಿಗಲ್ಲು ಬಿತ್ತು. ಇಟ್ಟವರು ಮಹಾರಾಣಿಯವರು. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು ಅರವತ್ತು ವರ್ಷ ತುಂಬಿದ ನೆನಪಿಗೆಂದು ಹೆಸರು ಅವಳದಾಯಿತು. ಸಾಮ್ರಾಜ್ಯದ ಉದ್ದಗಲಕ್ಕೂ ಅಂದು ಗಡಿಯಾರದ ಕಂಬಗಳೂ ಪ್ರತಿಮೆಗಳೂ ಎದ್ದವು. ಬೆಂಗಳೂರಿನ ಪೇಟೆಯ ಪಾಲಿಗೆ ಆಸ್ಪತ್ರೆ ಬಂತಲ್ಲ, ಅದು ನಮ್ಮ ಪುಣ್ಯ. ದಂಡಿನ ಪ್ರದೇಶಕ್ಕೆ 1868ರಿಂದಲೇ ಬೌರಿಂಗ್ ಆಸ್ಪತ್ರೆ ಇತ್ತು. ಚಿಕ್ಕಪೇಟೆ, ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆಗಳ ಇಕ್ಕಟ್ಟಿನಲ್ಲಿ ಬದುಕುತ್ತಿದ್ದ ನೇಕಾರರು, ಮೂಟೆ ಹೊರುವವರು, ಅಂಗಡಿಯವರು ಕೂಗಳತೆಯಲ್ಲಿ ಒಂದು ದೊಡ್ಡಾಸ್ಪತ್ರೆ ಕಂಡದ್ದು ಇದು ಎದ್ದ ಮೇಲೆ.

ಅಡಿಗಲ್ಲು ಬಿದ್ದ ಮರುವರ್ಷವೇ ಪೇಟೆಗೆ ಪ್ಲೇಗು ಬಂತು. 1898ರ ಆಗಸ್ಟಿನಲ್ಲಿ ಇಲಿಗಳು ಸೂರಿನಿಂದ ಉದುರಿದವು, ಕಂಕುಳಲ್ಲಿ ಗಡ್ಡೆ ಎದ್ದವರು ನಾಲ್ಕು ದಿನಕ್ಕೆ ಹೋದರು, ಬೀಗ ಹಾಕಿದ ಮನೆಗಳು ಬೀದಿ ತುಂಬಾ ಆದವು. ಜನ ಗಂಟುಮೂಟೆ ಕಟ್ಟಿ ಬಯಲಿಗೆ ಹೋಗಿ ಗುಡಿಸಲು ಹಾಕಿಕೊಂಡರು. ಊರಿನ ಉಸಿರುಗಟ್ಟಿದ ಓಣಿಗಳನ್ನು ಬಿಟ್ಟು ಅಗಲ ರಸ್ತೆಯ ಬಸವನಗುಡಿ, ಮಲ್ಲೇಶ್ವರಗಳು ರೂಪು ತಳೆದದ್ದು ಆ ಭಯದ ದಿನಗಳಲ್ಲಿ. ಇಲ್ಲಿ ಕಲ್ಲುಕುಟಿಗರು ಕಮಾನಿನ ನಡುಗಲ್ಲು ಕೂರಿಸುತ್ತಿದ್ದಾಗ ಪಕ್ಕದ ಪೇಟೆಯಲ್ಲಿ ಸಾವು ಮನೆಯಿಂದ ಮನೆಗೆ ನಡೆಯುತ್ತಿತ್ತು ಎಂಬುದನ್ನು ನೆನೆದರೆ ಈ ದಪ್ಪ ಗೋಡೆಗಳು ಬೇರೆಯೇ ಆಗಿ ಕಾಣುತ್ತವೆ. ಆ ಕೆಲಸಗಾರರಲ್ಲಿ ಎಷ್ಟು ಮಂದಿ ಕೆಲಸ ಮುಗಿಯುವ ತನಕ ಉಳಿದರೋ, ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಆಸ್ಪತ್ರೆ ಅಂದ ಮೇಲೆ ನೀರು ಬೇಕು. ಬಟ್ಟೆ ಒಗೆಯಬೇಕು, ನೆಲ ತೊಳೆಯಬೇಕು, ಗಾಯ ತೊಳೆಯುವ ಕೈಯನ್ನು ಅದಕ್ಕೂ ಮುಂಚೆ ತೊಳೆಯಬೇಕು. ಕೆರೆ, ಕಲ್ಯಾಣಿ, ಬಾವಿಗಳನ್ನು ನಂಬಿಕೊಂಡ ಊರಿನಲ್ಲಿ ಇಷ್ಟು ದೊಡ್ಡ ಆಸ್ಪತ್ರೆ ನಡೆಸುವುದು ಆಗದ ಮಾತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಕೊಳಾಯಿ ನೀರು ಊರಿಗೆ ಹರಿದು ಬಂದಿತ್ತು. ತೀರಿಕೊಂಡ ಮಹಾರಾಜರ ಹೆಸರನ್ನೇ ಆ ನೀರಿನ ಕೆಲಸಕ್ಕೆ ಇಟ್ಟಿದ್ದರು. ಗಂಡನ ಹೆಸರಿನ ನೀರು ಬಂದ ಮರುವರ್ಷ ಹೆಂಡತಿಯ ಕೈಯಿಂದ ಆಸ್ಪತ್ರೆಗೆ ಅಡಿಗಲ್ಲು.

ನೀರು ಬಂದಿತ್ತು, ವಿದ್ಯುತ್ ದೀಪ ಬಂದಿರಲಿಲ್ಲ. 1900ರ ಡಿಸೆಂಬರ್ 8ರಂದು ವೈಸ್‌ರಾಯ್ ಲಾರ್ಡ್ ಕರ್ಜನ್ ಇದನ್ನು ಉದ್ಘಾಟಿಸಿದಾಗ ಒಳಗೆ ಇದ್ದದ್ದು 140 ಹಾಸಿಗೆ. ಶಿವನಸಮುದ್ರದ ವಿದ್ಯುತ್ತು ಬೆಂಗಳೂರನ್ನು ಮುಟ್ಟಿದ್ದು 1905ರ ಆಗಸ್ಟಿನಲ್ಲಿ. ಅಲ್ಲಿಯ ತನಕದ ರಾತ್ರಿಗಳನ್ನು ಒಮ್ಮೆ ಕಲ್ಪಿಸಿಕೊಳ್ಳಿ: ಕಂದೀಲು ಹಿಡಿದು ಮಂಚದಿಂದ ಮಂಚಕ್ಕೆ ನಡೆಯುವ ದಾದಿ, ಗಾಜಿನ ಬುರುಡೆಗೆ ಹಿಡಿದ ಮಸಿ, ಎಣ್ಣೆ ದೀಪದ ಬೆಳಕಿನಲ್ಲಿ ಹರಿದ ಹೊಟ್ಟೆಯನ್ನು ಹೊಲಿಯುವ ಡಾಕ್ಟರು. ಹಗಲಿನ ಬೆಳಕನ್ನು ಆದಷ್ಟೂ ಒಳಗೆಳೆಯಬೇಕು ಎಂದು ಆಗಿನವರು ದೊಡ್ಡ ದೊಡ್ಡ ಕಿಟಕಿಗಳಿಗೆ ಜೋತುಬಿದ್ದದ್ದಕ್ಕೆ ಇದೂ ಕಾರಣ.

ಈಗ ಬಿಸಿಲು ಏರಿದೆ. ವಾರ್ಡಿನೊಳಗೆ ರೌಂಡ್ಸ್ ಶುರುವಾಯಿತು ಎಂಬ ಸುದ್ದಿ ಪಡಸಾಲೆಗೆ ಬಂದಿದೆ. ಮಲಗಿದ್ದವರು ಎದ್ದು ಚಾಪೆ ಸುತ್ತುತ್ತಾರೆ, ಹೆಂಗಸರು ಮುಡಿ ಸರಿಮಾಡಿಕೊಳ್ಳುತ್ತಾರೆ, ಬಾಗಿಲ ಬಳಿ ಕತ್ತುಗಳು ಒಟ್ಟಾಗುತ್ತವೆ. ಬಿಳಿ ಕೋಟಿನ ಹುಡುಗ ಹುಡುಗಿಯರ ಗುಂಪು ಹಿರಿಯ ಡಾಕ್ಟರ ಹಿಂದೆ ಮಂಚದಿಂದ ಮಂಚಕ್ಕೆ ಜರುಗುತ್ತದೆ. 1955ರಲ್ಲಿ ಶುರುವಾದ ಬೆಂಗಳೂರು ಮೆಡಿಕಲ್ ಕಾಲೇಜಿನ ಮಕ್ಕಳು ಇವರು. ಪುಸ್ತಕದಲ್ಲಿ ಓದಿದ ಈಲಿಯನ್ನು ಜೀವಂತ ಹೊಟ್ಟೆಯ ಮೇಲೆ ಬೆರಳಿಟ್ಟು ಕಲಿಯುವುದು ಇಲ್ಲಿಯೇ. ಮಾಗಡಿ ಕಡೆಯ ರೈತರೊಬ್ಬರು ಸರದಿಯಂತೆ ಬಂದ ಪ್ರತಿಯೊಂದು ಕೈಗೂ ಹೊಟ್ಟೆ ಒಪ್ಪಿಸಿ, ಕೊನೆಯ ಹುಡುಗಿಗೆ, "ಕಲ್ತ್ಕಳವ್ವಾ, ನಾಳೆ ನಮ್ಮೂರ್‍ಗೆ ಬಂದೀಯಂತೆ" ಅನ್ನುತ್ತಾರೆ. ಹುಡುಗಿ ನಕ್ಕು ಹೊದಿಕೆ ಸರಿಪಡಿಸುತ್ತಾಳೆ. ಈ ನಾಡಿನ ಎಷ್ಟೋ ಊರುಗಳ ಡಾಕ್ಟರುಗಳ ಕೈಗೆ ಮೊದಲ ಪಾಠ ಕೊಟ್ಟದ್ದು ಹೀಗೆ ಹೆಸರು ಬರೆಸಿಕೊಳ್ಳದ ರೋಗಿಗಳ ಮೈ.

ಆಸ್ಪತ್ರೆಯಿಂದ ಹೊರಬಿದ್ದು ಟಿಪ್ಪುವಿನ ಅರಮನೆಯ ಕಡೆ ನಡೆದರೆ ಒಂದು ಫರ್ಲಾಂಗಿನೊಳಗೆ ಎಷ್ಟು ಕಾಲಗಳು ಒಂದರ ಪಕ್ಕ ಒಂದು ನಿಂತಿವೆ ನೋಡಿ. ಹೈದರ್ ಶುರುಮಾಡಿ ಟಿಪ್ಪು 1791ರಲ್ಲಿ ಮುಗಿಸಿದ ತೇಗದ ಕಂಬಗಳ ಅರಮನೆ, ಅದರ ಮಗ್ಗುಲಲ್ಲೇ ಕೋಟೆ ವೆಂಕಟರಮಣನ ಗುಡಿಯ ಗಂಟೆ, ನೆಲದಡಿಯಿಂದ ಜನರನ್ನು ಮೇಲಕ್ಕೆ ತಂದು ಸುರಿಯುವ ಮೆಟ್ರೊ ನಿಲ್ದಾಣ. ಅರಮನೆ ನೋಡಲು ಬಂದವರು ಟಿಕೆಟ್ಟು ಕೊಂಡು, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಆಸ್ಪತ್ರೆಗೆ ಬಂದವರಲ್ಲಿ ಯಾರೂ ಕಟ್ಟಡ ನೋಡಲು ಬಂದವರಲ್ಲ. ಆದರೂ ಅವರ ಬೆನ್ನು, ಅಂಗೈ, ಅಂಗಾಲುಗಳಿಗೆ ಆ ಕಟ್ಟಡ ಗೊತ್ತಿರುವಷ್ಟು ಅರಮನೆ ಯಾವ ಪ್ರವಾಸಿಗೂ ಗೊತ್ತಿರಲಾರದು.

ಮಿಂಟೋ ಕಣ್ಣಿನ ಆಸ್ಪತ್ರೆಯ ಅಂಗಳದ ಲಯ ಬೇರೆ. ಇಲ್ಲಿ ಓಟವಿಲ್ಲ, ಕೂಗಾಟವಿಲ್ಲ. ಒಂದು ಕಣ್ಣಿಗೆ ಪಟ್ಟಿ ಹಾಕಿಸಿಕೊಂಡವರು, ಕಪ್ಪು ಕನ್ನಡಕದವರು, ಮೊಮ್ಮಗನ ಭುಜದ ಮೇಲೆ ಕೈಯಿಟ್ಟು ಕಾಲಿನಿಂದ ಮೆಟ್ಟಿಲು ತಡವುವವರು. ಕಣ್ಣಿಗೆ ಔಷಧಿ ಬಿಟ್ಟು ಪಾಪೆ ಅಗಲವಾಗಲಿ ಎಂದು ಕೂರಿಸಿದ ಸಾಲಿನಲ್ಲಿ ಎಲ್ಲರದೂ ಮುಚ್ಚಿದ ಕಣ್ಣು, ನಡುನಡುವೆ ಸಿಸ್ಟರು ಬಂದು ಗಲ್ಲ ಎತ್ತಿ ಇನ್ನೆರಡು ಹನಿ ಬಿಡುತ್ತಾರೆ. 1896ರಲ್ಲಿ ಪುಟ್ಟದಾಗಿ ಆರಂಭವಾದ ಕಣ್ಣಿನ ಚಿಕಿತ್ಸಾಲಯ ಇದು. ಈಗಿನ ಕಟ್ಟಡಕ್ಕೆ ಬಂದದ್ದು 1913ರಲ್ಲಿ, ಹೆಸರು ವೈಸ್‌ರಾಯ್ ಆಗಿದ್ದ ಲಾರ್ಡ್ ಮಿಂಟೋ ಅವರದು. ಪೊರೆ ತೆಗೆಸಿಕೊಂಡು ಪಟ್ಟಿ ಬಿಚ್ಚಿಸಿಕೊಂಡ ಅಜ್ಜಿ ಮೊದಲು ಮಾಡುವ ಕೆಲಸ ಏನು ಬಲ್ಲಿರಾ? ತನ್ನ ಕೈಯನ್ನೇ ಮುಂದೆ ಹಿಡಿದು, ತಿರುಗಿಸಿ ತಿರುಗಿಸಿ, ಬಳೆಗಳನ್ನು ನೋಡಿಕೊಳ್ಳುತ್ತಾಳೆ. ಆಮೇಲೆ ಮಗಳ ಮುಖ. "ಯಾಕೇ ಇಷ್ಟು ಸೊರಗಿದೀಯ?" ಎಂದು ಗದರುತ್ತಾಳೆ.

ವರ್ಷದಲ್ಲಿ ಮೂರು ದಿನ ಮಾತ್ರ ಈ ಶಾಂತಿ ಕೆಡುತ್ತದೆ. ದೀಪಾವಳಿಯ ರಾತ್ರಿ ಊರೆಲ್ಲ ಪಟಾಕಿ ಹಚ್ಚುವಾಗ ಮಿಂಟೋದಲ್ಲಿ ಡಾಕ್ಟರುಗಳು ಮನೆಗೆ ಹೋಗದೆ ಕಾದಿರುತ್ತಾರೆ. ಒಂಬತ್ತು ಗಂಟೆಯ ನಂತರ ಆಟೋಗಳು ಬರತೊಡಗುತ್ತವೆ. ಬರುವವರಲ್ಲಿ ಪಟಾಕಿ ಹಚ್ಚಿದ ಮಕ್ಕಳಿರುತ್ತಾರೆ, ಸುಮ್ಮನೆ ನಿಂತು ನೋಡುತ್ತಿದ್ದವರೂ ಇರುತ್ತಾರೆ. ಅತ್ತ ವಿಕ್ಟೋರಿಯಾದ ಸುಟ್ಟಗಾಯದ ವಾರ್ಡೂ ಅದೇ ಹೊತ್ತಿಗೆ ಸಜ್ಜಾಗಿರುತ್ತದೆ. ಸೀಮೆಎಣ್ಣೆ ಸ್ಟೌವಿನ ಕಾಲದಿಂದ ಗ್ಯಾಸ್ ಸಿಲಿಂಡರಿನ ಕಾಲದವರೆಗೆ ಈ ಊರಿನ ಅಡುಗೆಮನೆಗಳೊಳಗೆ ನಡೆದ ಅನಾಹುತಗಳನ್ನೂ ಅನ್ಯಾಯಗಳನ್ನೂ ಕಂಡ ವಾರ್ಡು ಅದು. ಸತ್ತವರ ಚರ್ಮವನ್ನು ದಾನ ಪಡೆದು ಬೆಂದವರ ಮೈಗೆ ಹೊದಿಸಲು ಈಗ ಅಲ್ಲಿ ಚರ್ಮದ ಬ್ಯಾಂಕೂ ಇದೆ. ಕಣ್ಣು ದಾನ ಕೊಡುವವರಷ್ಟು ಚರ್ಮ ಕೊಡುವವರು ಇನ್ನೂ ಮುಂದೆ ಬಂದಿಲ್ಲ. ಬರಬೇಕು.

2020ರ ಮಾರ್ಚಿನ ನಂತರ ವಿಕ್ಟೋರಿಯಾವನ್ನು ಕೋವಿಡ್ ಆಸ್ಪತ್ರೆಯಾಗಿ ಮಾಡಿದಾಗ ಈ ಪಡಸಾಲೆಗಳು ಮೊದಲ ಸಲ ಖಾಲಿಯಾದವು ಎನ್ನಬೇಕು. ಜೊತೆಗೆ ಬಂದವರನ್ನು ಗೇಟಿನಲ್ಲೇ ತಡೆದರು. ಚಾಪೆಗಳಿಲ್ಲ, ಟಿಫಿನ್ ಕ್ಯಾರಿಯರುಗಳಿಲ್ಲ. ಒಳಗಿದ್ದವರಿಗೆ ಪಿಪಿಇ ಉಡುಪಿನ ಹಿಂದಿನ ಕಣ್ಣುಗಳು ಬಿಟ್ಟರೆ ಬೇರೆ ಮುಖ ಕಾಣಿಸದ ದಿನಗಳು. ಆಗ ಎಲ್ಲ ಕಡೆಯೂ ತಜ್ಞರು ಹೇಳಿದ್ದು ಏನು? ಕಿಟಕಿ ತೆರೆಯಿರಿ, ಎದುರುಬದುರು ಗಾಳಿಯಾಡಲಿ ಎಂದು. ನೈಟಿಂಗೇಲಳ ಮಾತಿಗೆ ನೂರಅರವತ್ತು ವರ್ಷವಾಗಿತ್ತು.

ಹೊಸ ಬ್ಲಾಕುಗಳು ಬೇಕು, ಅದರಲ್ಲಿ ಎರಡು ಮಾತಿಲ್ಲ. ಅಪಘಾತವಾಗಿ ಬಂದವರಿಗೆ ಟ್ರಾಮಾ ಕೇಂದ್ರ ಬೇಕು, ಸ್ಕ್ಯಾನಿಂಗ್ ಯಂತ್ರಗಳಿಗೆ ತಣ್ಣನೆಯ ಕೋಣೆ ಬೇಕು. ಆದರೆ ಗಾಜು ಹಾಕಿದ, ಎಸಿ ಕೂರಿಸಿದ ಕಟ್ಟಡಗಳಲ್ಲಿ ಕಾಯುವವರಿಗೆ ನಾಲ್ಕು ಕಬ್ಬಿಣದ ಕುರ್ಚಿ ಬಿಟ್ಟರೆ ಬೇರೆ ನೆಲೆ ಇರುವುದಿಲ್ಲ. ಮಲಗಿದರೆ ಎಬ್ಬಿಸುತ್ತಾರೆ, ಬುತ್ತಿ ಬಿಚ್ಚಿದರೆ ಗದರುತ್ತಾರೆ. ಹಳೆಯ ಕಲ್ಲುಕಟ್ಟಡದ ದುರಸ್ತಿಯ ಮಾತು ಬಂದಾಗೆಲ್ಲ ಅದರ ಮುಖ ತೊಳೆದು, ದೀಪ ಹಾಕಿ ಅಂದಗಾಣಿಸುವ ಯೋಚನೆ ಮೊದಲು ಬರುತ್ತದೆ. ಕಮಾನಿನ ಸಂದಿಗೆ ಬೇರಿಳಿಸಿದ ಅರಳಿ ಸಸಿಯನ್ನು ಕೀಳುವುದು, ತಾರಸಿಯ ಸೋರಿಕೆ ನಿಲ್ಲಿಸುವುದು, ಸುಣ್ಣದ ಗಾರೆ ಇದ್ದಲ್ಲಿ ಸಿಮೆಂಟು ಮೆತ್ತದೆ ಸುಣ್ಣವನ್ನೇ ತುಂಬುವುದು ಮೊದಲ ಕೆಲಸವಾಗಬೇಕು. ಮತ್ತು ಆ ಪಡಸಾಲೆಗೆ ಅಲ್ಯೂಮಿನಿಯಂ ಚೌಕಟ್ಟು ಹಾಕಿ ಇನ್ನೊಂದು ಆಫೀಸು ರೂಮು ಮಾಡುವವರ ಕೈ ಹಿಡಿಯಬೇಕು. ಇದನ್ನು ನಾನು ಬೇಡಿಕೊಂಡೇ ಹೇಳುತ್ತಿದ್ದೇನೆ.

ಮಧ್ಯಾಹ್ನವಾಗುತ್ತಾ ಬಂತು, ವಾಣಿ ವಿಲಾಸದ ಗೇಟಿಗೆ ಬನ್ನಿ. ಹೆಂಗಸರ, ಮಕ್ಕಳ ಆಸ್ಪತ್ರೆ. 1935ರಲ್ಲಿ ಇದು ಶುರುವಾಗುವ ಹಿಂದಿನ ವರ್ಷವಷ್ಟೇ ಮಹಾರಾಣಿಯವರು ತೀರಿಕೊಂಡಿದ್ದರು. ವಾಣಿ ವಿಲಾಸ ಸನ್ನಿಧಾನ ಎಂಬ ಅವರ ಬಿರುದೇ ಇದರ ಹೆಸರು. ಗೇಟಿನ ಮುಂದೆ ಡಿಸ್ಚಾರ್ಜಿನ ಹೊತ್ತು. ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಿಗಿಯಾಗಿ ಸ್ಕಾರ್ಫು ಕಟ್ಟಿಕೊಂಡ ಬಾಣಂತಿ ಕಲ್ಲು ಬೆಂಚಿನ ಮೇಲೆ ಕೂತಿದ್ದಾಳೆ. ಅವಳ ಅತ್ತೆ ಕೂಸನ್ನು ಎದೆಗವಚಿಕೊಂಡು, ಬಿಸಿಲು ಬೀಳದಂತೆ ಸೆರಗು ಎಳೆದು, ಆಟೋದವನ ಹತ್ತಿರ ಚೌಕಾಸಿಗೆ ಇಳಿದಿದ್ದಾರೆ.

"ಇನ್ನೂರೈವತ್ತು ಯಾಕಪ್ಪಾ? ಇಲ್ಲೇ ಸುಂಕದಕಟ್ಟೆ."

"ಇಲ್ಲೇನಾ? ಟ್ರಾಫಿಕ್ ನೋಡಮ್ಮ. ಏನು ಮಗು?"

"ಹೆಣ್ಣು. ಮಹಾಲಕ್ಷ್ಮಿ."

"ಹತ್ತಿ ಹತ್ತಿ, ಇನ್ನೂರು ಕೊಡಿ. ಹಂಪು ಬಂದ್ರೆ ನಿಧಾನಕ್ಕೆ ಬಿಡ್ತೀನಿ."

ಗಂಡ ಫ್ಲಾಸ್ಕು, ಬಕೆಟ್ಟು, ಬೆಡ್‌ಶೀಟಿನ ಗಂಟು ತುರುಕುವುದರೊಳಗೆ ಹಿಂದಿನಿಂದ ಆಂಬುಲೆನ್ಸು ಹಾರನ್ನು ಹೊಡೆಯುತ್ತದೆ, ಸೆಕ್ಯೂರಿಟಿಯವಳು ಸೀಟಿ ಊದಿ ಆಟೋವನ್ನು ಪಕ್ಕಕ್ಕೆ ಸರಿಸುತ್ತಾಳೆ, ಆಯಾ ಒಬ್ಬಳು ಗಾಲಿಕುರ್ಚಿ ತಳ್ಳಿಕೊಂಡು ಓಡಿ ಬಂದು, ಇಳಿಯುತ್ತಿರುವ ತುಂಬು ಬಸುರಿಯ ತೋಳು ಹಿಡಿದು, "ಉಸಿರು ಬಿಡು ತಾಯಿ, ಬಂದ್ಬಿಟ್ವಿ" ಅನ್ನುತ್ತಾ ಅವಳನ್ನು ಒಳಗೆ ಕರೆದುಕೊಂಡು ಹೋಗುತ್ತಾಳೆ.